ಅಜ್ಜಿಯ ಹೆಸರಿನ ಖಾತೆ

ಪೆರಂಬೂರು, ಚೆನ್ನೈ
೧೧ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಶ್ರೀಯಾ,

ಹೇಗಿದ್ದೀ ಮಗು? ನಿನ್ನ ರೂಮಿನ ನೇಹಾಳ ಟೈಫಾಯ್ಡ್ ಪೂರ್ತಿ ಹೋಯಿತೆ, ಬ್ಯಾಂಕಿಗೆ ಬರುತ್ತಿದ್ದಾಳೆಯೆ? ನಿಮ್ಮ ನಾಗಪುರದ ಹಾಸ್ಟೆಲಿನಲ್ಲಿ ಚಪಾತಿ ಮಾಡುವ ಆಯಿ ಕೈ ಸುಟ್ಟುಕೊಂಡಿದ್ದರಲ್ಲ, ಈಗ ಹೇಗಿದ್ದಾರೆ? ಇಲ್ಲಿ ನಿನ್ನ ಅಪ್ಪ ಗಿರಿಧರನಿಗೆ ಬಿಪಿ ಮಾತ್ರೆ ಒಂದಿದ್ದದ್ದು ಒಂದೂವರೆಯಾಗಿದೆ. ನಿನ್ನ ಅಮ್ಮ ವೃಂದಾಳಿಗೆ ಮಂಡಿನೋವು; ಮೆಟ್ಟಿಲಿಗೊಂದು ಸಲ ಮುರುಗಾ ಎನ್ನುತ್ತಾಳೆ. ನಮ್ಮ ಮನೆಯ ದೇವರು ಹರಿ ನಾರಾಯಣರೆಲ್ಲ ಐವತ್ತು ವರ್ಷ ಮದರಾಸಿನಲ್ಲಿದ್ದು ನೋವಿನ ಖಾತೆಯನ್ನು ಮುರುಗನಿಗೆ ಬಿಟ್ಟುಕೊಟ್ಟಿದ್ದಾರೆ. ಕೆಳಮನೆಯ ಪದ್ಮನಾಭ ಮಾಮಾ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಾರೆ, ವಡಪಳನಿಯ ಸ್ಟುಡಿಯೋದಿಂದ ತಪ್ಪಿಸಿಕೊಂಡು ಬಂದ ಖಳನಾಯಕನ ಹಾಗೆ. ನನಗೆ ಕಾಯಿಲೆ ಅಂತ ಏನೂ ಇಲ್ಲ, ದಣಿವು ಮಾತ್ರ. ಬೆಳಿಗ್ಗೆ ಎದ್ದಾಗಲೇ ಸಂಜೆಯಾದಂತಿರುತ್ತದೆ.

ಇದೇನು ಅಜ್ಜಿ ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ ಎಂದು ನಗಬೇಡ. ನಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್ ಫೋನ್ ಎಂದೇ ಅರ್ಥ, ನಿನಗೆ ಗೊತ್ತು. ನಾನು ಹಲೋ ಎನ್ನುವಷ್ಟರಲ್ಲಿ ವೃಂದಾ ಅಡುಗೆಮನೆಯಿಂದ "ಶ್ರೀಯಾನಾ? ಸ್ಪೀಕರ್‌ಲಿ ಹಾಕಿ ಅತ್ತೆ" ಎನ್ನುತ್ತಾಳೆ. ಮೆಸೇಜು ಬಂದರೆ ಅವಳೇ ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ, ಪಾಪ. ಹಾಗಾಗಿ ಈ ಕಾಗದ. ನಿನಗೆ ಕನ್ನಡ ಓದಲು ತಡವಾಗುತ್ತದೆಂದು ಅಕ್ಷರ ಬಿಡಿಬಿಡಿಯಾಗಿ, ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ರಜೆಯಲ್ಲಿ "ಅಜ್ಜಿ, ನಮಕ್ಕು ಎದುಕ್ಕು ಕನ್ನಡ?" ಎಂದು ಸ್ಲೇಟು ಎಸೆದು ಓಡುತ್ತಿದ್ದೆಯಲ್ಲ, ಆಗ ಬಿಡದೆ ಹಿಡಿದು ಕಲಿಸಿದ್ದು ಇವತ್ತಿಗೆ ಬೇಕಾಯಿತು. ಆ ಹಾಸ್ಟೆಲಿನಲ್ಲಿ ಯಾರು ಇದನ್ನು ತೆರೆದು ನೋಡಿದರೂ ಅವರಿಗೆ ಇದು ರಂಗೋಲಿಯಷ್ಟೆ. ಒಂದೊಂದೇ ಸಾಲು ಓದು. ನಡುವೆ ಬಿಡಬೇಡ.

ಸುತ್ತಿ ಬಳಸುವ ಶಕ್ತಿ ನನಗಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಎದೆಯಲ್ಲಿ ಗಂಟು ಕಾಣಿಸಿದೆ ಎಂದು ನನಗೆ ಗೊತ್ತು. ನೀನು ಯಾರಿಗೂ ಹೇಳಿಲ್ಲವೆಂದೂ ಗೊತ್ತು. ಈ ಮನೆಯಲ್ಲಿ ನನ್ನ ಹೊರತು ಇನ್ನೊಬ್ಬರಿಗೆ ಗೊತ್ತಿಲ್ಲ. ಇಷ್ಟು ಓದಿದ ಮೇಲೆ ಎದ್ದು ಒಂದು ಲೋಟ ನೀರು ಕುಡಿದು ಬಾ. ನನಗೆ ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ.

ಯುಗಾದಿಗೆ ಬಂದಿದ್ದಾಗ ನನ್ನ ಮಂಚದ ಮೇಲೆ ಕೂತು ನನ್ನ ಫೋನಿಗೂ ನಿನ್ನ ಫೋನಿಗೂ ಅದೇನೋ ವಿಪಿಎನ್ ಹಾಕಿದೆ, ನೆನಪಿದೆಯೆ? ಆ ದೊಡ್ಡ ಕಂಪನಿಯವರದೇ, ನಾವು ಫೋಟೋ ಇಟ್ಟುಕೊಳ್ಳಲು ತಿಂಗಳಿಗಿಷ್ಟು ಎಂದು ಕಟ್ಟುತ್ತೇವಲ್ಲ, ಅದರ ಜೊತೆಗೆ ಪುಕ್ಕಟೆ ಬಂದದ್ದು. "ಅಜ್ಜಿ, ಇದು ಸುರಂಗ ಥರಾ. ನಾವು ಏನು ನೋಡ್ತೀವೋ ವೈಫೈಯವರಿಗೂ ತೆರಿಯಾದು, ಫೋನ್ ಕಂಪನಿಯವರಿಗೂ ಗೊತ್ತಾಗಲ್ಲ" ಎಂದೆ. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ಸುರಂಗ ಇವರದೇ ಅಲ್ವಾ? ನೀನು ಟೆಲಿಫೋನ್ ಆಪರೇಟರ್ ಆಗಿದ್ದವಳು, ನೀನೇ ಹೇಳು, ನಂಬಬಹುದಾ?" ಎಂದು ಕೇಳಿದೆ. ನಾನು ಹೋಳಿಗೆಯ ನಿದ್ದೆಯಲ್ಲಿದ್ದೆ. "ಅಷ್ಟು ದೊಡ್ಡವರು ನಮ್ಮದೇನು ನೋಡ್ತಾರೆ, ಹಾಕ್ಕೋ" ಎಂದುಬಿಟ್ಟೆ. ಅಂಥ ಪ್ರಶ್ನೆಗೆ ಮಗ್ಗುಲು ಬದಲಿಸುತ್ತಾ ಉತ್ತರ ಕೊಟ್ಟದ್ದು ತಪ್ಪು. ಮೂರು ತಿಂಗಳ ಮೇಲೆ ಈಗ ಸರಿಯಾದ ಉತ್ತರ ಬರೆಯುತ್ತಿದ್ದೇನೆ.

ಮೌಂಟ್ ರೋಡಿನ ಆ ಇನ್ಶೂರೆನ್ಸ್ ಆಫೀಸಿನಲ್ಲಿ ನಾನು ಬೋರ್ಡಿನ ಮುಂದೆ ಕೂತದ್ದು ಮೂವತ್ತೊಂದು ವರ್ಷ. ಮೊದಲ ಹದಿನಾಲ್ಕು ವರ್ಷ ಹಳೆಯ ಹಗ್ಗದ ಬೋರ್ಡು. ಒಬ್ಬರ ತೂತಿನಿಂದ ಇನ್ನೊಬ್ಬರ ತೂತಿಗೆ ಹಗ್ಗ ಚುಚ್ಚಿದರೆ ಮಾತು ಹರಿಯುತ್ತಿತ್ತು. ಲೈನು ಸೇರಿತೋ ಇಲ್ಲವೋ ಎಂದು ತಿಳಿಯಲು ಒಂದು ಕೀ ಒತ್ತಿ ಎರಡು ಕ್ಷಣ ಕೇಳಬೇಕು, ತಕ್ಷಣ ಬಿಡಬೇಕು. ನಮ್ಮ ಸೂಪರ್‌ವೈಸರ್ ಮಧ್ವರಾಜ ರಾಯರು ಮೊದಲ ದಿನವೇ ಹೇಳಿದ್ದರು, "ಜಲಜಾ, ಎರಡು ಹಲೋ ಕೇಳಿದ್ಯಾ, ಕೀ ಬಿಡು. ಮೂರನೇ ಮಾತು ನಿನ್ನದಲ್ಲ." ನಾನು ಬಿಡುತ್ತಿದ್ದೆ. ನಮ್ಮಲ್ಲಿ ಹೆಚ್ಚಿನವರು ಬಿಡುತ್ತಿದ್ದರು. ಆದರೆ ಆ ಕಟ್ಟಡದಲ್ಲಿ ಯಾರು ಯಾರನ್ನು ದಿನಕ್ಕೆ ಎಷ್ಟು ಸಲ ಕರೆಯುತ್ತಾರೆ ಎಂಬುದು ಒಂದು ಮಾತೂ ಕೇಳದೆಯೇ ನಮಗೆ ಗೊತ್ತಿತ್ತು. ಹಗ್ಗ ಚುಚ್ಚುವ ಕೈ ನಮ್ಮದಲ್ಲವೆ?

ವಿಪಿಎನ್ ವಿಷಯದಲ್ಲಿ ಪದ್ಮನಾಭ ಮಾಮಾ ಹೇಳುವುದೇ ಬೇರೆ. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಇದ್ದವರು, ಕಣ್ಣು ಕಾಣದಿದ್ದರೂ ಬಾಯಿ ಓಡುತ್ತದೆ. "ಅಲ್ಲಮ್ಮಾ, ನಮಗೆ ಏನು ಬೇಕು ಅಂತ ತಿಳ್ಕೊಂಡೇ ದುಡ್ಡು ಮಾಡೋರು, ಅವರ ಕೈಲೇ ನಮ್ಮ ಗುಟ್ಟು ಕೊಡೋದಾ? ಹಾಲಿಗೆ ಬೆಕ್ಕನ್ನ ಕಾವಲು ಇಟ್ಟ ಹಾಗೆ" ಎನ್ನುತ್ತಾರೆ. ಕಂಪನಿಯವರು ತಾವು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ, ಹೊರಗಿನವರನ್ನು ಕರೆಸಿ ಪರೀಕ್ಷೆ ಮಾಡಿಸಿದ್ದೇವೆ ಎನ್ನುತ್ತಾರಂತೆ. ಇರಬಹುದು. ನಾನು ಅವರನ್ನು ಕಳ್ಳರೆನ್ನಲಾರೆ. ನನ್ನಂಥವರು ಅಲ್ಲಿಯೂ ಇದ್ದಾರು, ಎರಡು ಹಲೋ ಕೇಳಿ ಕೀ ಬಿಡುವವರು. ಆದರೂ ಕೇಳದೆ ಇರುವುದು ಬೇರೆ, ಕೇಳಲು ಆಗದೆ ಇರುವುದು ಬೇರೆ ಮಗು. ನಾನು ಒಳ್ಳೆಯವಳಾಗಿದ್ದೆ ಎಂಬುದನ್ನು ನಂಬಿಯೇ ಆ ಆಫೀಸಿನ ಎಂಟುನೂರು ಜನ ಮಾತಾಡುತ್ತಿದ್ದರು. ನನಗೆ ಬದಲಾಗಿ ಇನ್ನೊಬ್ಬಳು ಬಂದು ಕೂತರೆ ಅವಳನ್ನೂ ನಂಬಬೇಕಿತ್ತು. ಹಾಸ್ಟೆಲಿನ ವೈಫೈಗೆ, ರೈಲ್ವೆ ಸ್ಟೇಷನ್ನಿನ ಪುಕ್ಕಟೆ ವೈಫೈಗೆ ಹೆದರಿ ಈ ಸುರಂಗ ಹಾಕಿಕೊಳ್ಳುವುದಾದರೆ ಹಾಕಿಕೋ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಗುಟ್ಟು ಕಾಯಲು ಒಬ್ಬರಿದ್ದಾರೆಂದು ಕೈ ಬಿಟ್ಟು ಕೂರಬೇಡ.

ನಿನ್ನ ವಿಷಯದಲ್ಲಿ ಮಾತ್ರ ಅವರದೇನೂ ತಪ್ಪಿಲ್ಲ. ಸುರಂಗ ಗಟ್ಟಿಯಾಗಿಯೇ ಇತ್ತು. ಅದರ ಇನ್ನೊಂದು ತುದಿಯಲ್ಲಿ ನಾನು ಕೂತಿದ್ದೆ.

ನಮ್ಮ ಮನೆಯ ಪದ್ಧತಿ ಗೊತ್ತಲ್ಲ. ರೇಷನ್ ಕಾರ್ಡು, ಗ್ಯಾಸು, ಕರೆಂಟು ಎಲ್ಲ ಹಿರಿಯರ ಹೆಸರಿನಲ್ಲಿ. ಅದೇ ವಾಡಿಕೆಯಲ್ಲಿ, ಕೊರೊನಾ ಕಾಲದಲ್ಲಿ ನಿನಗೆ ಆನ್‌ಲೈನ್ ಕ್ಲಾಸಿಗೆಂದು ಫೋನ್ ತಂದಾಗ ನಿನ್ನ ಅಪ್ಪ ಅದಕ್ಕೂ ನನ್ನ ಹೆಸರಿನ ಖಾತೆಯನ್ನೇ ಹಾಕಿದ. ನಡುಮನೆಯ ಟಿವಿಗೂ ಅದೇ. ಪಾಸ್‌ವರ್ಡು ಮನೆದೇವರ ಹೆಸರು, ಮುಂದೆ ಮನೆಯ ನಂಬರು, ಬೀದಿಗೆಲ್ಲ ಗೊತ್ತು. ಆಮೇಲೆ ನೀನು ಹೊಸ ಫೋನ್ ತೆಗೆದುಕೊಂಡೆ, ನಿನ್ನದೇ ಖಾತೆ ಮಾಡಿಕೊಂಡೆ. ನನ್ನ ಹೆಸರಿನ ಹಳೆಯದು ಅದರ ಜೊತೆಯಲ್ಲೇ ಹೊಸ ಫೋನಿಗೂ ಬಂತು, ತೆಗೆದಿಲ್ಲ. ನೀನು ಹುಡುಕುವಾಗಲೂ ವಿಡಿಯೋ ನೋಡುವಾಗಲೂ ಫೋನಿನ ಪಾಲಿಗೆ ನೀನು ಇನ್ನೂ ಜಲಜಾ, ಎಪ್ಪತ್ಮೂರು ವರ್ಷ. ಮೈತುಂಬ ಮುಸುಕು ಹಾಕಿಕೊಂಡು ಹೋಗಿ ಬಾಗಿಲಲ್ಲಿ ಅಜ್ಜಿಯ ಹೆಸರು ಹೇಳಿ ಒಳಗೆ ಹೋದೆ ನೀನು.

ಜೂನ್ ತಿಂಗಳ ಒಂದು ಬುಧವಾರ ನಾನು ಏಕಾದಶಿ ಯಾವಾಗ ಎಂದು ಹುಡುಕಲು ಹೋದೆ. ಫೋನಿನಲ್ಲಿ ಹುಡುಕುವ ಪೆಟ್ಟಿಗೆಯ ಕೆಳಗೆ, ನಾನು ಕೇಳದೇ ಇದ್ದ ಪ್ರಶ್ನೆಗಳೆಲ್ಲ ಸಾಲಾಗಿ ನಿಂತಿದ್ದವು. ಎದೆಯ ಗಂಟು, ನೋವಿಲ್ಲದ ಗಂಟು ಅಪಾಯವೇ, ಸೂಜಿ ಹಾಕಿ ತೆಗೆಯುವ ಪರೀಕ್ಷೆ, ನಾಗಪುರದ ಒಂದು ಆಸ್ಪತ್ರೆ. ಮದುವೆಗೆ ಮೊದಲು ಹುಡುಗನ ಮನೆಯವರಿಗೆ ಹೇಳಬೇಕೆ ಎಂಬುದೂ ಇತ್ತು. ನಿನ್ನ ಜಾತಕ ಮೂರು ಮನೆಗಳಿಗೆ ಹೋಗಿದೆ, ವೃಂದಾಳ ಕಿವಿಗೆ ಬಿದ್ದದ್ದು ಬೀದಿಗೆ ಬೀಳಲು ಅರ್ಧ ಗಂಟೆ ಸಾಕು; ನೀನು ಯಾಕೆ ಬಾಯಿ ಬಿಡಲಿಲ್ಲವೆಂದು ನನಗೆ ಅರ್ಥವಾಯಿತು. ಆ ದಿನ ಕಂಡದ್ದು ನನ್ನ ತಪ್ಪಲ್ಲ. ಮಾರನೆಯ ದಿನ ನಾನೇ ತೆರೆದು ನೋಡಿದೆ. ಅದು ತಪ್ಪು, ಮೂರನೇ ಮಾತು ಕೇಳಿದ ಹಾಗೆ. ಮಧ್ವರಾಜ ರಾಯರು ಇದ್ದಿದ್ದರೆ ಬೋರ್ಡಿನಿಂದ ಎಬ್ಬಿಸುತ್ತಿದ್ದರು.

ಅದರ ಮಾರನೆಯ ದಿನ ಶುಕ್ರವಾರ. ವೃಂದಾ ದೀಪ ಹಚ್ಚಿ, ಭಜನೆ ಹಾಕಲು ಟಿವಿ ಹಾಕಿದಳು. ಅಷ್ಟು ದೊಡ್ಡ ಪರದೆಯ ತುಂಬ ಡಾಕ್ಟರುಗಳು, ಗಂಟುಗಳ ಚಿತ್ರಗಳು. ಮೂಲೆಯಲ್ಲಿ ಕುಂಕುಮದ ಬೊಟ್ಟಿನ ಹಾಗೆ ದುಂಡಗೆ ನನ್ನ ಹೆಸರಿನ ಮೊದಲಕ್ಷರ. ವೃಂದಾ ಟಿವಿ ನೋಡಿದಳು, ನನ್ನನ್ನು ನೋಡಿದಳು. "ಅತ್ತೆ, ಇದೆಲ್ಲಾ ಯಾರು ಪಾತ್ತಿರೋದು?" ಎಂದಳು. ಅವಳಿಗೆ ಗಾಬರಿಯಾದರೆ ಕನ್ನಡ ತಮಿಳು ಒಂದೇ ಉಂಡೆಯಾಗುತ್ತದೆ. ನಿನ್ನ ಅಪ್ಪ ಒಂದು ಕಾಲಿಗೆ ಸಾಕ್ಸು ಹಾಕಿಕೊಂಡವನು ಹಾಗೇ ಎದ್ದು ಬಂದ. "ಅಮ್ಮಾ, ನಿಂಗೇನಾದ್ರೂ... ಯಾಕಮ್ಮಾ ನಂಗೆ ಹೇಳ್ಲಿಲ್ಲ?" ಎಂದ. ಅವನ ಕಣ್ಣು ನೋಡಿದೆ. ಇಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ, ಈ ಮನೆಯಲ್ಲಿ ಉಳಿದವರು ವೃಂದಾ ಮತ್ತು ನೀನು. "ಹೌದಪ್ಪಾ, ನಾನೇ ನೋಡ್ತಿದ್ದೆ" ಎಂದೆ. "ಯಾವ ಕಡೆ ಅತ್ತೆ?" ಎಂದು ವೃಂದಾ ಅಳುತ್ತಾ ಕೇಳಿದಳು. ಏನೂ ತೋಚದೆ "ಎಡಗಡೆ" ಎಂದುಬಿಟ್ಟೆ.

ಆಮೇಲಿನದು ದೊಡ್ಡ ಮೆರವಣಿಗೆ. ಗಿರಿ ರಜೆ ಹಾಕಿದ. ಪದ್ಮನಾಭ ಮಾಮಾ ಕಪ್ಪು ಕನ್ನಡಕದಲ್ಲೇ ಬಂದು "ಧೈರ್ಯವಾಗಿರಿ" ಎಂದು ಬಾಗಿಲಿಗೆ ಹೇಳಿ ಹೋದರು. ನಾನು ಕಿಟಕಿಯ ಬಳಿ ಇದ್ದೆ. ಮಾಧವರಂ ಕಡೆಯ ಒಂದು ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋದರು. ಆ ಯಂತ್ರದ ಹಲಗೆ ತಣ್ಣಗಿರುತ್ತದೆ ಮಗು, ಅಮುಕುತ್ತದೆ, ನಾಲ್ಕು ಸಲ ಉಸಿರು ಹಿಡಿಯುವಷ್ಟು ಹೊತ್ತು. "ಪಾಟಿಮ್ಮಾ, ಮೂಚ್ಚು ಪಿಡಿಂಗ" ಎಂದಳು ನರ್ಸ್ ಹುಡುಗಿ. ಉಸಿರು ಹಿಡಿದೆ. ಅಷ್ಟು ದೂರದ ಊರಿನಲ್ಲಿ ನೀನೊಬ್ಬಳೇ ಹೀಗೆ ನಿಲ್ಲಬೇಕಲ್ಲ ಎಂದು ನೆನೆದು ಬಿಡುವುದನ್ನೇ ಮರೆತೆ. ನಿನ್ನ ವಯಸ್ಸಿನವರಿಗೆ ಈ ಯಂತ್ರಕ್ಕಿಂತ ಹೊಟ್ಟೆಗೆ ಮಾಡುವಂಥ ಸ್ಕ್ಯಾನೇ ಮೊದಲಂತೆ, ಅದರಲ್ಲಿ ಅಮುಕುವುದೂ ಇಲ್ಲ. ಇದನ್ನು ಹೇಳಿದವರು ಅಲ್ಲಿನ ಲೇಡಿ ಡಾಕ್ಟರು. ನನಗೇನೂ ಇಲ್ಲವೆಂದು ತಿಳಿಸಿದ ಮೇಲೆ, ಗಿರಿ ಬಿಲ್ ಕಟ್ಟಲು ಹೊರಗೆ ಹೋದಾಗ, ನನ್ನ ಗೆಳತಿಯ ಮೊಮ್ಮಗಳೊಬ್ಬಳಿದ್ದಾಳೆ, ಇಪ್ಪತ್ತನಾಲ್ಕು ವರ್ಷ ಎಂದು ಕೇಳಿದೆ. ಆ ತಾಯಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆ ವಯಸ್ಸಿನ ಗಂಟುಗಳಲ್ಲಿ ಹೆಚ್ಚಿನವು ಏನೂ ಅಲ್ಲ, ಆದರೆ ನೋಡಿಯೇ ಹೇಳಬೇಕು ಎಂದರು. "ಅಂದ ಪೊಣ್ಣುಕ್ಕು ಸೊಲ್ಲುಂಗ ಪಾಟಿ, ಭಯಪ್ಪಡ ವೇಂಡಾಂ. ಆನಾ ತಳ್ಳಿ ಪೋಡಕ್ಕೂಡಾದು." ಹೆದರಬೇಡ, ಆದರೆ ಮುಂದೂಡಬೇಡ. ನಾನು ಹೇಳುವುದೂ ಅಷ್ಟೆ. ಅದು ನನ್ನ ಸ್ವಂತ ಮೊಮ್ಮಗಳೇ ಎಂದು ಅವರಿಗೆ ತಿಳಿದಿತ್ತೆಂದು ನನ್ನ ಅನುಮಾನ.

ಏನೂ ಇಲ್ಲವೆಂದು ತಿಳಿದ ಮೇಲೂ ಮನೆಯಲ್ಲಿ ನನಗೆ ಎಳನೀರು, ದಾಳಿಂಬೆ ಹಣ್ಣು. ವೃಂದಾ ಸಾರಿಗೆ ಖಾರ ಕಮ್ಮಿ ಮಾಡಿದ್ದಾಳೆ. ಮಗನಿಗೂ ಸೊಸೆಗೂ ಇಂಥ ವಿಷಯದಲ್ಲಿ ಸುಳ್ಳು ಹೇಳಿ, ಅವರು ಬಿಡಿಸಿಕೊಟ್ಟ ದಾಳಿಂಬೆ ತಿನ್ನುತ್ತಿದ್ದೇನೆ. ಗಿರಿ ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದ, ಐವತ್ತೆರಡು ವರ್ಷದ ಗಂಡಸು. ನಿನಗೇ ಆಗಿದೆ ಎಂದು ತಿಳಿದರೆ ಏನಾಗುತ್ತಾನೋ ಎಂದು ಒಂದು ಕಡೆ. ಅವನಿಗೆ ತಿಳಿಸದೆ ಇರುವ ಹಕ್ಕು ನನಗೆ ಎಲ್ಲಿಂದ ಬಂತು ಎಂದು ಇನ್ನೊಂದು ಕಡೆ. ಈ ಎರಡರ ನಡುವೆ ಮೂರು ವಾರ ಓಡಾಡಿ ಸಾಕಾಗಿದೆ ಮಗು.

ಸುಮ್ಮನಿದ್ದುಬಿಡಬಹುದಿತ್ತು. ಒಂದು ಸಲ ಹಾಗೆ ಇದ್ದೆ, ಇದುವರೆಗೆ ಯಾರಿಗೂ ಹೇಳಿಲ್ಲ. ಆಫೀಸಿನಲ್ಲಿ ತಮ್ಮಯ್ಯ ಎಂದು ಗುಮಾಸ್ತರಿದ್ದರು, ಮಂಡ್ಯದವರು. ಒಂದು ದಿನ ಹನ್ನೊಂದು ಗಂಟೆಗೆ ಅವರ ಊರಿನಿಂದ ಟ್ರಂಕ್ ಕಾಲ್. ತಮ್ಮಯ್ಯ ಸೀಟಿನಲ್ಲಿರಲಿಲ್ಲ, ಮ್ಯಾನೇಜರಿಗೆ ಕೊಟ್ಟೆ. ಲೈನು ಕರಕರ ಎನ್ನುತ್ತಿತ್ತೆಂದು ಕೀ ಬಿಡಲಿಲ್ಲ. ತಮ್ಮಯ್ಯನವರ ತಂದೆ ತೀರಿಕೊಂಡಿದ್ದರು. ಆ ದಿನ ಆಡಿಟ್. ಮ್ಯಾನೇಜರು ಐದು ಗಂಟೆಗೆ ಹೇಳಿದರಾಯಿತು ಎಂದುಕೊಂಡರು. ಮಧ್ಯಾಹ್ನ ತಮ್ಮಯ್ಯ ನನ್ನೆದುರೇ ಮೊಸರನ್ನ ತಿಂದರು, ಏನೋ ತಮಾಷೆ ಹೇಳಿ ತಾವೇ ನಕ್ಕರು. ಹೇಳಿದರೆ ನಾನು ಕದ್ದು ಕೇಳಿದ್ದು ಗೊತ್ತಾಗುತ್ತದೆಂದು ನಾನೂ ನಕ್ಕೆ. ಮಧ್ಯಾಹ್ನದ ಗಾಡಿ ತಪ್ಪಿತು. ಅವರು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೇಳಬಾರದ್ದನ್ನು ಕೇಳಿದ್ದು ಸಣ್ಣ ತಪ್ಪು, ಕೇಳಿದ ಮೇಲೆ ನನ್ನ ಮರ್ಯಾದೆ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡದ್ದು ದೊಡ್ಡ ತಪ್ಪು. ಎರಡನೆಯ ಸಲ ಅದನ್ನು ಮಾಡಲು ನನಗೆ ವಯಸ್ಸಿಲ್ಲ.

ಇನ್ನು ನೀನು ಮಾಡಬೇಕಾದ್ದು. ಫೋನಿನ ಮೂಲೆಯಲ್ಲಿರುವ ಆ ದುಂಡು ಬೊಟ್ಟನ್ನು ಒತ್ತು, ಎರಡು ಹೆಸರು ಕಾಣುತ್ತವೆ. ಅದರಲ್ಲಿ ಅಜ್ಜಿಯನ್ನು ತೆಗೆದುಹಾಕು. ಅಳಬೇಡ, ನನಗೇನೂ ನೋವಿಲ್ಲ. ಇಲ್ಲಿ ಉಳಿದದ್ದನ್ನು ನಾನು ಅಳಿಸಿದ್ದೇನೆ, ಟಿವಿಯಿಂದಲೂ. ಪದ್ಮನಾಭ ಮಾಮಾ ಬಾಯಲ್ಲಿ ಹೇಳಿದರು, ನಾನು ಒತ್ತಿದೆ. ಅವರ ಕಣ್ಣಿಗೆ ಪರದೆ ಕಾಣದ ಕಾರಣ ಏನು ಅಳಿಸಿದೆನೆಂದು ಅವರಿಗೂ ಗೊತ್ತಿಲ್ಲ. ಅಮ್ಮ ಅಪ್ಪನಿಗೆ ಹೇಳುವುದು ಬಿಡುವುದು ನಿನ್ನ ಮಾತು. ನಾನು ಹೇಳುವುದಿಲ್ಲ, ಆದರೆ ಹೇಳು ಎನ್ನುತ್ತೇನೆ. ಜಾತಕದ ಮನೆಗಳವರು ಇದನ್ನು ಕೇಳಿ ಹಿಂದೆ ಸರಿದರೆ ಬಾಗಿಲು ತೆರೆದು ಕೊಟ್ಟು, ದಾರಿಗೆ ಎರಡು ಬಾಳೆಹಣ್ಣೂ ಕೊಟ್ಟು ಕಳಿಸುತ್ತೇನೆ.

ನೇಹಾಳಿಗೂ ಆ ಆಯಿಗೂ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ನಗುತ್ತಾ ಬಾಳು, ನಿನ್ನ ಬೆನ್ನಿಗೆ ಹಿರಿಯರೆಲ್ಲ ಇರಲಿ.

ನಿನ್ನ ಅಜ್ಜಿ,
ಜಲಜಾ

ಮರೆತಿದ್ದೆ, ವೃಂದಾ ಬರುವ ಸದ್ದಾಗುತ್ತಿದೆ, ಬೇಗ ಬರೆಯುತ್ತೇನೆ. ನೀನು ಪರೀಕ್ಷೆಗೆ ದಿನ ಗೊತ್ತು ಮಾಡಿದಾಗಲೆಲ್ಲ, ಅದೂ ಅದೇ ಖಾತೆಯ ಕ್ಯಾಲೆಂಡರಿಗೆ ಬಿದ್ದು, ನನ್ನ ಫೋನು ಟಿಂಗ್ ಎನ್ನುತ್ತಿತ್ತು. ಜೂನ್ ಇಪ್ಪತ್ತೇಳು ಎಂದಿತು, ಆಮೇಲೆ ಜುಲೈ ನಾಲ್ಕು ಎಂದಿತು, ಎರಡನ್ನೂ ನೀನು ಮುಂದೆ ತಳ್ಳಿದೆ. ಈಗ ಇಪ್ಪತ್ತೆಂಟು, ಸೋಮವಾರ, ಹತ್ತೂವರೆ ಎನ್ನುತ್ತಿದೆ. ಇಪ್ಪತ್ತಾರಕ್ಕೆ ಹೊರಡುವ ದಿಲ್ಲಿ ಗಾಡಿಯಲ್ಲಿ ನಾನು ನಾಗಪುರದವರೆಗೆ ಕೆಳಗಿನ ಬರ್ತ್ ತೆಗೆದುಕೊಂಡಿದ್ದೇನೆ. ಮೊಮ್ಮಗಳನ್ನು ನೋಡಬೇಕು ಎಂದೆ, ಗಿರಿ ಈಗ ನಾನು ಚಂದ್ರ ಬೇಕೆಂದರೂ ತರುತ್ತಾನೆ. ಆದರೆ ಕದ್ದು ತಿಳಿದುಕೊಂಡದ್ದನ್ನು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬಂದು ನಿಲ್ಲಲಾರೆ, ನೀನು ಕರೆದರೆ ಬರುತ್ತೇನೆ. ಒಳಗೆ ನನ್ನ ವಿಳಾಸ ಬರೆದ ಪೋಸ್ಟ್ ಕಾರ್ಡು ಇಟ್ಟಿದ್ದೇನೆ. ಅದರಲ್ಲಿ 'ಬಾ' ಎಂದೋ 'ಬೇಡ' ಎಂದೋ ಬರೆ, ಇಲ್ಲಿ ಯಾರು ಓದಿದರೂ ಚಿಂತೆಯಿಲ್ಲ. ಬೇಡ ಎಂದರೆ ಟಿಕೆಟ್ ರದ್ದು ಮಾಡುತ್ತೇನೆ, ಯಾಕೆಂದು ಕೇಳುವುದಿಲ್ಲ. ನೀನು ಮಾತ್ರ ಆ ಸೋಮವಾರ ಹೋಗಲೇಬೇಕು. ನನ್ನ ಹೆಸರನ್ನು ನೀನು ತೆಗೆದ ಮೇಲೆ ಈ ಫೋನು ನನಗೆ ಏನನ್ನೂ ಹೇಳುವುದಿಲ್ಲ, ನೀನೇ ಹೇಳಬೇಕು. ಕಾರ್ಡು ಬರಲು ನಾಲ್ಕು ದಿನವಾದರೂ ಬೇಕು ಮಗು, ಈ ಕಾಗದ ಕೈ ಸೇರಿದ ದಿನವೇ ಬರೆದು ಹಾಕು.